ತೊಂಬತ್ತಾರು ಮೀಟರ್ ಆಚೆಯ ಅಂಗಡಿ

ಕೋವಿಡ್ ಲಸಿಕೆಯ ಗದ್ದಲ ತಣ್ಣಗಾದ ಮರುವರ್ಷ. ಆಗ ನಾನು ಹೋಳೂರು ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿರಿಯ ಆರೋಗ್ಯ ನಿರೀಕ್ಷಕನಾಗಿದ್ದೆ. ಅದಕ್ಕೂ ಮುಂಚೆ ಮುಳಬಾಗಿಲು, ಮಾಸ್ತಿ ಎಲ್ಲ ಸುತ್ತಿ ಬಂದವನು. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಸೊಳ್ಳೆ, ಕುಡಿಯುವ ನೀರು, ಲಸಿಕೆಗಳ ಜೊತೆಗೆ ತಂಬಾಕು ನಿಯಂತ್ರಣದ ಕೆಲಸವೂ ನನ್ನ ಹೆಗಲೇರಿತ್ತು. ಕಾಗದದಲ್ಲಿ ಬರೆದದ್ದು ನೆಲದ ಮೇಲೂ ಹಾಗೇ ಇರಬೇಕೆಂಬ ಹಠ ನನ್ನದು. ಬ್ಯಾಗಿನಲ್ಲಿ ಯಾವಾಗಲೂ ಅಳತೆ ಟೇಪು. ಸಹೋದ್ಯೋಗಿಗಳು ಬೆನ್ನ ಹಿಂದೆ ನನ್ನನ್ನು 'ಟೇಪು' ಎಂದೇ ಕರೆಯುತ್ತಿದ್ದರು. ಅದು ಕಿವಿಗೆ ಬಿದ್ದಾಗ ನನಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು.

ನಾವು ಕೋಟ್ಪಾ ಎಂದು ಕರೆಯುವ ಕಾಯ್ದೆಯ ಪ್ರಕಾರ ಶಾಲೆಯ ಕಾಂಪೌಂಡಿನಿಂದ ನೂರು ಗಜದೊಳಗೆ, ಅಂದರೆ ಸುಮಾರು ತೊಂಬತ್ತೊಂದು ಮೀಟರಿನೊಳಗೆ ತಂಬಾಕು ಮಾರುವಂತಿಲ್ಲ. ನಮ್ಮ ವ್ಯಾಪ್ತಿಯ ಒಂದು ಹಳ್ಳಿಯಲ್ಲಿ ಪ್ರೌಢಶಾಲೆಗೆ ಅರವತ್ತಮೂರು ಮೀಟರ್ ದೂರದಲ್ಲಿ ಚಲಪತಿ ಎಂಬವನ ಪೆಟ್ಟಿಗೆ ಅಂಗಡಿಯಿತ್ತು. ಬಿಸ್ಕತ್ತು, ಬಾಳೆಹಣ್ಣು, ಬೀಡಿ, ಡಬ್ಬಿಯಲ್ಲಿ ಬಿಡಿ ಹೊಗೆಸೊಪ್ಪು. ಅಂಗಡಿ ಎತ್ತು ಎಂದೆ.

"ಎಲ್ಲಿಗ್ ಎತ್ಲಿ ಸಾರ್? ಮೀರೇ ಚೆಪ್ಪಂಡಿ," ಎಂದ. ನೀವೇ ಹೇಳಿ ಎಂದು ತೆಲುಗಿನಲ್ಲಿ ಗೋಗರೆಯುವುದು ಆ ಕಡೆಯವರ ಅಭ್ಯಾಸ.

ಸರಿ, ನಾನೇ ಟೇಪು ಹಿಡಿದು ಹೊರಟೆ. ಹಾಲಿನ ಡೈರಿಯ ಹತ್ತಿರ ಅಳತೆ ತೊಂಬತ್ತೊಂದು ದಾಟಿತು. ಇಲ್ಲಿಡು ಎನ್ನುವಷ್ಟರಲ್ಲಿ ಪಕ್ಕದ ಶೆಡ್ಡಿನಿಂದ ಒಬ್ಬ ಹೆಂಗಸು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದರು. ಹೆಸರು ರತ್ನಮ್ಮ, ವಯಸ್ಸು ಐವತ್ತರ ಆಸುಪಾಸು. ಆ ಶೆಡ್ಡು ಅವರ ಹುಳು ಮನೆ. ರೇಷ್ಮೆ ಹುಳು ಸಾಕುವ ಜಾಗ.

"ನನ್ನ ಹುಳು ಮನೆ ಬಾಗ್ಲಲ್ಲಿ ಹೊಗೆಸೊಪ್ಪಿನಂಗಡಿ ಇಡುಸ್ತೀರಾ? ನಾಲ್ಕನೇ ಜ್ವರ ಎದ್ದಿರೋ ಹುಳ ಸಾರ್!"

ರೇಷ್ಮೆ ಬೆಳೆಯುವವರು ಹುಳು ಪೊರೆ ಬಿಡುವುದನ್ನು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದರೆ ಗೂಡು ಕಟ್ಟಲು ವಾರವಷ್ಟೇ ಬಾಕಿ. ಕೈಗಂಟಿದ ಹೊಗೆಸೊಪ್ಪು ಹಿಪ್ಪುನೇರಳೆ ಎಲೆಗೆ ತಗುಲಿದರೂ ಸಾಕು, ಹುಳು ವಾಂತಿ ಮಾಡಿಕೊಂಡು ಸಾಯುತ್ತವೆ. ಆದ್ದರಿಂದ ಆ ಊರಿನ ಹುಳು ಮನೆಗಳ ಬಾಗಿಲಲ್ಲಿ ನೀರಿನ ಬೋಗುಣಿ, ಸೋಪು ಇರುತ್ತವೆ. ಕೈ ತೊಳೆಯದೆ ಯಾರಿಗೂ ಪ್ರವೇಶವಿಲ್ಲ. ರತ್ನಮ್ಮನಂತೂ ತೊಳೆದ ಕೈಯನ್ನು ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದರು.

ಅವರ ಮಾತು ನ್ಯಾಯವಾದದ್ದೇ. ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ನೋಡಿ ಅಂಗಡಿಯನ್ನು ಡೈರಿಯ ಇನ್ನೊಂದು ಬದಿಗೆ ಸರಿಸಿದೆ. ತೊಂಬತ್ತಾರು ಮೀಟರ್. ಮಕ್ಕಳಿಗೂ ದೂರ, ಹುಳುಗಳಿಗೂ ದೂರ. ಆಗ ರತ್ನಮ್ಮನ ಎಡಗೆನ್ನೆ ಉಬ್ಬಿರುವುದು ಕಣ್ಣಿಗೆ ಬಿತ್ತು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು.

"ಬಾಯಲ್ಲಿರೋದೇನಮ್ಮ ಮತ್ತೆ?" ಎಂದೆ.

"ನಾನೇನ್ ಹುಳಾನಾ ಸಾರ್, ಸಾಯಕ್ಕೆ?" ಎಂದು ನಕ್ಕರು. ನಾನೂ ನಕ್ಕೆ.

ಹುಳು ಮನೆ ತೋರಿಸಿ, ಊಟ ಮಾಡಿಕೊಂಡು ಹೋಗಿ ಎಂದು ಕೂರಿಸಿದರು. ನನಗೆ ಮುದ್ದೆ, ಬಸ್ಸಾರು. ಅವರು ಮಾತ್ರ ಮುದ್ದೆಯನ್ನು ಮೊಸರಿನಲ್ಲಿ ಕಿವುಚಿಕೊಂಡರು. "ಈಚೀಚೆಗೆ ಖಾರ ತಡ್ಯಕ್ಕಾಗಲ್ಲ ಸಾರ್, ಬಾಯೆಲ್ಲ ಉರಿ," ಎಂದರು. ವಯಸ್ಸಾಯಿತಲ್ಲಮ್ಮ ಎಂದು ನಾನು ಇನ್ನೊಂದು ಸೌಟು ಸಾರು ಬಡಿಸಿಕೊಂಡೆ. ಹೊಗೆಸೊಪ್ಪು ಹಾಕುವವರಿಗೆ ಖಾರ ಸೇರದಿದ್ದರೆ ಬಾಯಿ ಪರೀಕ್ಷಿಸಬೇಕು ಎಂಬುದನ್ನು ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ನಾನದನ್ನು ಬರೆದುಕೊಂಡೂ ಇದ್ದೆ.

ಹನ್ನೊಂದು ತಿಂಗಳ ನಂತರ ಅದೇ ಶಾಲೆಯಲ್ಲಿ ದಂತ ತಪಾಸಣಾ ಶಿಬಿರ ನಡೆಯಿತು. ಶಾಲೆಯ ಗೇಟಿನಲ್ಲಿ 'ತಂಬಾಕು ಮುಕ್ತ' ಎಂಬ ಹೊಸ ಬೋರ್ಡು. ಆ ಹಳ್ಳಿಯ ಹೆಸರಿನ ಮುಂದೆ ನನ್ನ ವರದಿಯಲ್ಲಿ 'ಉಲ್ಲಂಘನೆ: ಇಲ್ಲ' ಎಂದಿತ್ತು. ರತ್ನಮ್ಮ ಹಲ್ಲುನೋವೆಂದು ಬಂದರು. ಬಂದ ಡಾಕ್ಟರು ಎಳೆಯ ವಯಸ್ಸಿನ ಹೆಣ್ಣುಮಗಳು. "ಅಮ್ಮ, ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಇಟ್ಕೊಳ್ಳಿ," ಎಂದರು. ಆರೋಗ್ಯವಂತರ ಬಾಯಿ ಅಷ್ಟು ತೆರೆಯುತ್ತದೆ. ರತ್ನಮ್ಮನಿಗೆ ಒಂದೇ ಬೆರಳು ಹಿಡಿಸಿತು. ಟಾರ್ಚ್ ಬಿಟ್ಟು ನೋಡಿದ ಡಾಕ್ಟರ ಮುಖ ಬದಲಾದದ್ದು ನನಗೆ ಕಂಡಿತು. ಎಡಗೆನ್ನೆಯ ಒಳಗೆ ಹುಣ್ಣು ದವಡೆಯವರೆಗೂ ಇಳಿದಿತ್ತು.

ಬೆಂಗಳೂರಿಗೆ ಕಳಿಸಿದೆವು. ಕ್ಯಾನ್ಸರ್ ಎಂದಾಯಿತು. ಕೆಳದವಡೆಯ ಎಡಭಾಗ, ನಾಲಿಗೆಯ ಅರ್ಧ ತೆಗೆದರು.

ಆ ವಾರವೇ ಚಲಪತಿಯ ಅಂಗಡಿಗೆ ಹೋದೆ. ಯಾರ ಮೇಲಾದರೂ ಕೂಗಾಡಬೇಕಿತ್ತು. ಬಿಡಿಯಾಗಿ ತಂಬಾಕು ಮಾರಕೂಡದೆಂಬ ಆದೇಶವಿದೆ, ಗೊತ್ತಿಲ್ಲವೇ ಎಂದು ರೇಗಿದೆ. ಪೊಟ್ಟಣಗಳ ಮೇಲಾದರೆ ಕೊಳೆತ ಬಾಯಿಯ ಚಿತ್ರವಿರುತ್ತದೆ; ನ್ಯೂಸ್‌ಪೇಪರಿನಲ್ಲಿ ಸುತ್ತಿಕೊಡುವ ಹೊಗೆಸೊಪ್ಪಿನ ಎಲೆಗೆ ಯಾವ ಚಿತ್ರ?

ಅವನು ತಣ್ಣಗೆ ಹೇಳಿದ. "ಸ್ಕೂಲ್ ಹತ್ರ ಇದ್ದಾಗ ಹೆಂಗಸ್ರು ಬರ್ತಾನೇ ಇರ್ಲಿಲ್ಲ ಸಾರ್. ಮೇಷ್ಟ್ರುಗಳ ಮುಂದೆ ನಾಚ್ಕೆ. ಸಂತೆಯಿಂದ ಒಂದಿಷ್ಟು ತಂದಿಟ್ಕೊಂಡ್ರೆ ವಾರ ಪೂರ್ತಿ ಅದೇ. ಇಲ್ಲಿಗ್ ಬಂದ್ಮೇಲೆ ಹಾಲು ಹಾಕಕ್ಕೆ ಬಂದಾಗ ಬೆಳಿಗ್ಗೆ ಒಂದೆಲೆ, ಸಾಯಂಕಾಲ ಒಂದೆಲೆ. ಜಾಗ ನೀವೇ ತೋರ್ಸಿದ್ದಲ್ವಾ?"

ಇದು ಒಂದು ವರ್ಷದ ರೋಗವಲ್ಲ, ಬಹಳ ವರ್ಷಗಳದ್ದು ಎಂದು ಡಾಕ್ಟರು ಸಮಾಧಾನ ಹೇಳಿದ್ದರು. ಇರಬಹುದು. ಆದರೆ ಬದುಕಿಸಬಹುದಾಗಿದ್ದ ವರ್ಷ ಅದೊಂದೇ. ಆ ವರ್ಷ ಅವರ ಮನೆಯಲ್ಲಿ ಕುಳಿತು ಮುದ್ದೆ ಉಂಡವನು ನಾನು.

ರೇಡಿಯೇಷನ್ ಮುಗಿಸಿ ಊರಿಗೆ ಬಂದ ಮೇಲೆ ನೋಡಲು ಹೋದೆ. ಹುಳು ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಮೂಗಿನಲ್ಲಿ ಆಹಾರದ ನಳಿಗೆ, ಗಲ್ಲಕ್ಕೆ ಬಿಳಿ ಬಟ್ಟೆ. ಮಾತಿಲ್ಲ. ಒಳಗೆ ಸೊಸೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ನಾನು ಒಳಗೆ ಕಾಲಿಡಹೋದೆ. ರತ್ನಮ್ಮ ಕೈ ಅಡ್ಡ ಹಿಡಿದು ಬೋಗುಣಿ ತೋರಿಸಿದರು. ತೊಳೆದುಕೊಂಡೆ. ಅಭ್ಯಾಸದಂತೆ ನನ್ನ ಕೈ ಹಿಡಿದು ಮೂಗಿನ ಬಳಿ ತಂದರು. ನಳಿಗೆ ಅಡ್ಡ ಬಂತು. ಕೈ ಬಿಟ್ಟು, ಒಳಗೆ ಹೋಗಿ ಎಂದು ತಲೆಯಾಡಿಸಿದರು. ನನಗೆ ಅಳು ತಡೆಯಲಾಗಲಿಲ್ಲ. ಆ ಬೆಳೆಯ ಗೂಡು ಮಾರಾಟವಾಗುವ ಮೊದಲೇ ಅವರು ತೀರಿಕೊಂಡರು.

ನಿವೃತ್ತಿಯಾಗುವವರೆಗೂ ನಾನು ತಿಂಗಳಿಗೊಮ್ಮೆ ಬೆಳಿಗ್ಗೆ ಹಾಲಿನ ಸಾಲಿನ ಪಕ್ಕ ಟಾರ್ಚ್ ಹಿಡಿದು ನಿಂತೆ. ಹೆಂಗಸರು ನಾಚಿದರು, ಬೈದರು, ಆಮೇಲೆ ಮೂರು ಬೆರಳಿಟ್ಟು ತೋರಿಸಿದರು. ಇಬ್ಬರನ್ನು ಸಕಾಲದಲ್ಲಿ ಆಸ್ಪತ್ರೆಗೆ ಕಳಿಸಿದೆವು. ಅವರು ಇಂದಿಗೂ ಖಾರದ ಸಾರು ಉಣ್ಣುತ್ತಿದ್ದಾರೆ. ಕಾಯ್ದೆ ಬೇಕು, ಟೇಪೂ ಬೇಕು; ಇವತ್ತಿಗೂ ಆ ನೂರು ಗಜದ ಪರವಾಗಿ ವಾದಿಸುತ್ತೇನೆ. ಆದರೆ ಅಳತೆ ಮುಗಿದ ಮೇಲೆ ಎದುರಿಗಿರುವ ಮನುಷ್ಯರ ಬಾಯಿ ನೋಡಬೇಕು ಎಂಬುದನ್ನು ಕಲಿಯಲು ನನಗೆ ಇಡೀ ಸರ್ವೀಸು ಬೇಕಾಯಿತು.

ನಾನೇನು ಹುಳವೇ, ಸಾಯುವುದಕ್ಕೆ ಎಂದು ರತ್ನಮ್ಮ ಕೇಳಿದ್ದರು. ಅದರ ಉತ್ತರ ಆ ಜಾಗದಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ನಾನು ನಕ್ಕೆ.