ಟೋಪಿ ತೆಗೆದು ನಿಂತವರು

ಕೊರೋನಾ ಕಾಲದಲ್ಲಿ ರಾಟರ್‌ಡ್ಯಾಮಿನ ದಾಖಲೆ ಸಂಗ್ರಹವೊಂದರಲ್ಲಿ ಹಳೇ ಫೋಟೋ ಸ್ಕ್ಯಾನ್ ಮಾಡುತ್ತಿದ್ದೆ. ನನ್ನಷ್ಟು ಚುರುಕಿನವನು ಅಲ್ಲಿ ಇನ್ನೊಬ್ಬನಿರಲಿಲ್ಲ, ಸುಳ್ಳಲ್ಲ. ಒಂದು ದಿನ ನಮ್ಮ ಮೇಲ್ವಿಚಾರಕಿ, ನೂರೈವತ್ತು ವರ್ಷದ ಹಿಂದಿನ ಮಂತ್ರಿಯೊಬ್ಬನ ಶವಯಾತ್ರೆಯ ಫೋಟೋವನ್ನು ಬೇಡದ ಡಬ್ಬಕ್ಕೆ ಹಾಕಹೊರಟರು.

“ಮೆರವಣಿಗೆಯೇ ಇಲ್ಲ. ಖಾಲಿ ರಸ್ತೆ, ನಡುವೆ ಬರೀ ಹೊಗೆ.”

“ತಾಳಿ ಮೇಡಂ! ರಸ್ತೆಯ ಎರಡೂ ಬದಿ ನಿಂತಿರೋ ಎಲ್ಲರ ಟೋಪಿ ಕೈಯಲ್ಲಿದೆ ನೋಡಿ. ನಮ್ಮೂರಲ್ಲೂ ಹೆಣ ಎದುರಿಗೆ ಬಂದಾಗಲೇ ಜನ ಚಪ್ಪಲಿ ಬಿಟ್ಟು ನಿಲ್ಲೋದು. ಆಗಿನ ಕ್ಯಾಮೆರಾ ನಿಧಾನ. ಅಲುಗಾಡದೆ ನಿಂತವರು ಫೋಟೋದಲ್ಲಿ ಚೆನ್ನಾಗಿ ಮೂಡಿದ್ದಾರೆ, ನಡೆದು ಹೋದವರು ಮಸುಕಾಗಿದ್ದಾರೆ. ಆ ಹೊಗೆಯೇ ಮೆರವಣಿಗೆ.”

ಅವರು ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿದರು. “ಹೋದ ತಿಂಗಳು ನನ್ನ ತಮ್ಮ ತೀರಿಕೊಂಡ. ನಿಯಮ ಅಂತ ಬೀದಿಯಲ್ಲಿ ಒಬ್ಬರೂ ನಿಲ್ಲಲಿಲ್ಲ,” ಎಂದು ಫೋಟೋವನ್ನು ಮೆಲ್ಲಗೆ ನನ್ನ ಮೇಜಿನ ಮೇಲಿಟ್ಟರು.

ಫೋಟೋ ಕೆಳಗಿನ ವಿವರಣೆ ನಾನೇ ಬರೆದೆ. ನೋಡಲು ಬಂದವರ ಮೀಸೆ ಕೂಡ ಕಾಣುತ್ತದೆ, ಮಂತ್ರಿಗಳು ಮಾತ್ರ ಕಾಣುವುದಿಲ್ಲ.