ಒಳಜ್ವರದ ಮಾತ್ರೆ

ಮನುಷ್ಯ ಮಂಕಾದರೆ ಅದು ಒಳಜ್ವರ, ಕ್ವಿನೈನ್ ನುಂಗಿದರೆ ಇಳಿಯುತ್ತದೆ ಎಂದು ಮಲೇರಿಯಾ ಹಬ್ಬಿದ್ದ ಆ ಕಾಲದಲ್ಲಿ ಕೊಪ್ಪದ ಕಡೆ ಎಲ್ಲರೂ ನಂಬಿದ್ದರು. ದೇವರನ್ನೂ ನಂಬದ ನಾನು ಇದನ್ನು ನಂಬಿದ್ದೆ. ಊರೂರಿಗೆ ಕ್ವಿನೈನ್ ಹಂಚುವುದು ನನ್ನ ಕೆಲಸ. ಕೆಲವು ತಿಂಗಳಿಂದ ನಾನೂ ನುಂಗುತ್ತಿದ್ದೆ.

ಹಿರೇಕೊಡಿಗೆಯಲ್ಲಿ ಹೆಂಡತಿ ಸತ್ತ ರೈತನೊಬ್ಬ ಗದ್ದೆಗಿಳಿಯುವುದನ್ನೇ ಬಿಟ್ಟಿದ್ದ. ಥರ್ಮಾಮೀಟರ್ ಇಟ್ಟು ನೋಡಿದೆ, ಪಾದರಸ ಏರಲಿಲ್ಲ. "ಒಳಜ್ವರ" ಎಂದು ಮಾತ್ರೆ ಕೊಟ್ಟೆ.

"ಜ್ವರ ಎಂತದೂ ಇಲ್ಲ ಮಾರಾಯ್ರೆ. ಅವಳು ಹೋದ್ಲು, ಅಷ್ಟೆ" ಎಂದವನು ನನ್ನ ಮುಖ ನೋಡಿ ಚಾಪೆ ಹಾಸಿದ. "ಕೂತ್ಕಳಿ. ನಿಮ್ಮಲ್ಲಿ ಯಾರು ತೀರಿಹೋಗಿದ್ದು?"

"ನನ್ನದು ಬರೀ ಒಳಜ್ವರ."

"ಹಂಗಾದ್ರೆ ಈ ಮಾತ್ರೇನೂ ನೀವೇ ಇಟ್ಕಳಿ."

ಸಿಟ್ಟು ಬಂದು ಹೊರಟುಬಿಟ್ಟೆ. ಅರ್ಧ ಗಂಟೆ ಕೂತಿದ್ದರೆ ಇಬ್ಬರಿಗೂ ಒಳ್ಳೆಯದಾಗುತ್ತಿತ್ತು. ನನ್ನ ತಮ್ಮ ತೀರಿಕೊಂಡು ಆಗ ಐದು ತಿಂಗಳಾಗಿತ್ತು.