ಯುದ್ಧ ನಿಂತ ಮೇಲಿನ ಹುಗ್ಗಿ

ಕೊಲ್ಲಿಯಲ್ಲಿ ಯುದ್ಧ ಶುರುವಾದಾಗ ನನ್ನ ತಮ್ಮ ಅಲ್ಲಿಯ ಬಂದರಿನಲ್ಲಿ ವೆಲ್ಡಿಂಗ್ ಕೆಲಸದಲ್ಲಿದ್ದ. ಹುಮನಾಬಾದಿನ ನಮ್ಮ ಮನೆಗೆ ಫೋನ್ ಮಾಡಿ, "ಹೆದರಬ್ಯಾಡ್ರಿ, ಇಲ್ಲಿಂದ ಭಾಳ ದೂರ ಅದ," ಎಂದ. ವಾರದೊಳಗೆ ಎಲ್ಲ ಮುಗಿಯುತ್ತದೆ ಎಂದು ಟಿವಿಯವರು ಹೇಳಿದರು. ವಾರದೊಳಗೆ ಬಂದರಿಗೇ ಕ್ಷಿಪಣಿ ಬಿತ್ತು. ಆಮೇಲೆ ಅವನ ಫೋನ್ ಹತ್ತಲಿಲ್ಲ.

ಅವ್ವ ನನ್ನನ್ನು ಕರಕೊಂಡು ಬಸವಕಲ್ಯಾಣಕ್ಕೆ ಹೋಗಿ ಗುಡಿಯಲ್ಲಿ ಹರಕೆ ಹೊತ್ತಳು: ಯುದ್ಧ ನಿಂತರೆ ಓಣಿಗೆಲ್ಲ ಗೋಧಿ ಹುಗ್ಗಿ ಉಣಿಸುತ್ತೇನೆ. ತಿರುಗಿ ಬರುವಾಗ ಬಸ್ಸಿನಲ್ಲೇ ನನಗೆ ಸಿಟ್ಟು ಬಂತು.

"ತಮ್ಮ ಬರಲಿ ಅಂತ ಬೇಡಬೇಕಿತ್ತು. ಊರ ಉಸಾಬರಿ ನಿನಗ್ಯಾಕವ್ವಾ?"

"ನಮ್ಮೊಬ್ಬನ ಸಲುವಾಗಿ ಹ್ಯಾಂಗ ಬೇಡಲಿ? ಯುದ್ಧಾನೇ ನಿಂತರ ಎಲ್ಲಾರ ಮಕ್ಕಳೂ ಬರ್ತಾರ."

ಯುದ್ಧ ಹಬ್ಬಿತು. ವಿಮಾನಗಳು ನಿಂತವು, ಗ್ಯಾಸ್ ಸಿಲಿಂಡರಿಗೆ ಪಾಳಿ ಹಚ್ಚಬೇಕಾಯಿತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುವವರೆಲ್ಲ ಸೇನಾಪತಿಗಳಾದರು. ನಂತರ ಟಿವಿಯಲ್ಲಿ ಕ್ರಿಕೆಟ್ ಬಂತು, ಅವರಿಗೂ ಯುದ್ಧದ ಮಾತು ಬೇಸರವಾಗಿತ್ತು. ಕಂಪನಿಯವರು ಕೇಳಿದಾಗಲೆಲ್ಲ ಪತ್ತೆ ಇಲ್ಲ ಎನ್ನುತ್ತಿದ್ದರು. ಮೊದಲು ಅಳುತ್ತಿದ್ದೆ, ಆಮೇಲೆ ಅದೂ ನಿಂತಿತು. ರೊಟ್ಟಿ ಬಡಿಯುತ್ತಿದ್ದೆ, ಕಸ ಗುಡಿಸುತ್ತಿದ್ದೆ, ಏನೂ ಅನ್ನಿಸುತ್ತಿರಲಿಲ್ಲ. ಪಕ್ಕದ ಮನೆಯ ಮುಸ್ಲಿಂ ಹೆಂಗಸನ್ನು ನಾವು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು; ಅವಳ ಮಗನೂ ಅದೇ ದೇಶದಲ್ಲಿದ್ದ. ಸರ್ಕಾರದ ವಿಮಾನದಲ್ಲಿ ಅವನು ಬಂದ. ನಮ್ಮವನನ್ನು ಕಂಡಿರಲಿಲ್ಲ. ಹೋಗಿ ಮಾತಾಡಿಸಿ ಬಂದೆ. ಹೊಟ್ಟೆಕಿಚ್ಚು ಕೂಡ ಆಗಲಿಲ್ಲ.

ಮಾತುಕತೆ, ಕದನವಿರಾಮ, ಮತ್ತೆ ಬಾಂಬು, ಮತ್ತೆ ಮಾತುಕತೆ. ಕಡೆಗೊಂದು ದಿನ ನಾಯಕರು ಸಹಿ ಹಾಕಿ ಕೈಕುಲುಕುವುದನ್ನು ಟಿವಿಯಲ್ಲಿ ತೋರಿಸಿದರು. ಅವ್ವ ಎದ್ದು ಗೋಧಿ ನೆನೆಹಾಕಿದಳು.

"ಅವನ ಸುದ್ದೀನೇ ಇಲ್ಲ. ಹುಗ್ಗಿ ಯಾಕ ಮಾಡ್ತಿ?"

"ಯುದ್ಧ ನಿಂತದಲ್ಲ. ನಾ ಬೇಡಿದ್ದು ದೇವರು ಕೊಟ್ಟಾನ. ಹರಕಿ ತಪ್ಪಿಸಬಾರದು."

ಖಾಲಾ ಬಂದು ಬೆಲ್ಲ ಕುಟ್ಟಿಕೊಟ್ಟಳು. ಅವ್ವನ ಮುಖ ಮಾತ್ರ ನೋಡಲಿಲ್ಲ. ಓಣಿಯವರೆಲ್ಲ ಪಂಕ್ತಿಯಲ್ಲಿ ಕುಳಿತರು. ಖಾಲಾನ ಮಗನ ತಾಟಿಗೆ ಅವ್ವ ಎರಡು ಸಲ ತುಪ್ಪ ಹಾಕಿದಳು. ಅವನು ತಲೆ ತಗ್ಗಿಸಿ ಉಂಡ.

"ಚಲೋ ಆಯ್ತು ಬಿಡ್ರಿ, ಯುದ್ಧ ಮುಗೀತು," ಎಂದರು ಯಾರೋ.

"ಹೌದ್ರಿ," ಎಂದಳು ಅವ್ವ. ಮುಂದಿನವರಿಗೆ ಬಡಿಸಿದಳು.

ಎಲ್ಲರೂ ಹೋದ ಮೇಲೆ ನಾವಿಬ್ಬರು ಉಣ್ಣಲು ಕುಳಿತೆವು. ಅವ್ವ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ನನ್ನನ್ನು ಕೇಳಿದಳು:

"ಯುದ್ಧ ಅಂತೂ ನಿಂತದ. ಇನ್ನ ದೇವರಿಗೆ ಏನಂತ ಬೇಡಲಿ?"